ಕೋವಿಗೊಂದು ಕಣ್ಣು

ನನ್ನ ಬಲಗಣ್ಣಿನೊಳಗೆ ಒಂದು ಗಾಜಿದೆ. ಕಣ್ಣಿನ ಶಿಬಿರದಲ್ಲಿ ಡಾಕ್ಟರು ಪುಕ್ಕಟೆಯಾಗಿ ಇಟ್ಟದ್ದು. ಇನ್ನೊಂದು ಗಾಜನ್ನು ನಾನೇ ದುಡ್ಡು ಕೊಟ್ಟು ತಂದೆ. ಅದು ಎಡಗಣ್ಣಿಗಲ್ಲ, ಕೋವಿಗೆ. ಎಡಗಣ್ಣಿನ ಪೊರೆಯನ್ನು ಹಾಗೇ ಬಿಟ್ಟು ಕೋವಿಗೆ ಕಣ್ಣು ಮಾಡಿಸಿದ ಮುದುಕಿ ಎಂದು ನಮ್ಮೂರು ತಿಗನಾರೆಯಲ್ಲಿ ನಕ್ಕರು. ನಗಲಿ. ನಗುವವರಿಗೆ ಕಾವಲು ಕೂರುವ ಕೆಲಸವಿಲ್ಲ.

ಮೊದಲು ಕೋವಿಯ ವಿಷಯ ಹೇಳಿಬಿಡುತ್ತೇನೆ, ಇಲ್ಲವಾದರೆ ನೀವು ನನ್ನನ್ನು ಬೇರೇನೋ ಅಂದುಕೊಳ್ಳುತ್ತೀರಿ. ನಾವು ಲಿಂಗ ಕಟ್ಟಿದವರು. ಮೊಟ್ಟೆ ಬೇಯಿಸಿದ ಪಾತ್ರೆಯಲ್ಲಿ ನೀರು ಕಾಯಿಸಿದರೂ ಕುಡಿಯುವುದಿಲ್ಲ. ಅಂಥ ಮನೆಯ ಗೋಡೆಯ ಮೇಲೆ ಒಂಟಿ ನಳಿಗೆಯ ಬೇಟೆ ಕೋವಿ ನೇತಾಡುತ್ತದೆ. ಬೆಳೆ ಕಾಯಲೆಂದು ನಮ್ಮ ಮಾವ ಲೈಸೆನ್ಸು ಮಾಡಿಸಿದ್ದರು. ಆಮೇಲೆ ಯಜಮಾನರ ಹೆಸರಿಗೆ ಬಂತು, ಅವರು ಹೋದ ಮೇಲೆ ನನ್ನ ಹೆಸರಿಗೆ. ಒಡವೆ ಹೆಣ್ಣುಮಕ್ಕಳ ಪಾಲಾಯಿತು, ಮನೆ ಮಗನ ಪಾಲಾಯಿತು, ನನ್ನ ಪಾಲಿಗೆ ಕೋವಿ ಉಳಿಯಿತು. ಓಟು ಬಂದಾಗೆಲ್ಲ ಅದನ್ನು ಠಾಣೆಗೆ ಒಪ್ಪಿಸಬೇಕು. "ಪಾಟಿ, ಈ ಸಲ ಎಷ್ಟು ಹಂದಿ ಹೊಡೆದೆ?" ಎಂದು ಅಲ್ಲಿಯ ಪೊಲೀಸು ಈ ಅಜ್ಜಿಯನ್ನು ತಮಿಳಿನಲ್ಲಿ ಕೇಳುತ್ತಾನೆ. ಆಕಾಶಕ್ಕೆ ಹೊಡೆದೆ, ಅದಿನ್ನೂ ಬಿದ್ದಿಲ್ಲ ಎನ್ನುತ್ತೇನೆ. ಸುಳ್ಳಲ್ಲ. ಮಾವನ ಕಾಲದಿಂದ ಈವರೆಗೆ ಆ ಕೋವಿ ಉರುಳಿಸಿದ್ದು ಒಂದು ಹುಣಸೆ ಕೊಂಬೆಯನ್ನು ಮಾತ್ರ.

ಆಕಾಶಕ್ಕೆ ಹೊಡೆಯುವವಳಿಗೆ ಕಣ್ಣು ಏಕೆ ಎಂದು ನನ್ನ ಸೊಸೆ ಕೇಳಿದಳು. ಬುದ್ಧಿವಂತೆ, ಆದರೆ ಕಾವಲು ಕೂತವಳಲ್ಲ. ಸದ್ದು ಮಾಡುವ ಮೊದಲು ಹೊಲಕ್ಕೆ ಬಂದದ್ದು ಏನೆಂದು ತಿಳಿಯಬೇಕು. ಹಂದಿಯಾದರೆ ಕೋವಿ. ಪಕ್ಕದವರ ಎಮ್ಮೆಯಾದರೆ ಬೈಗುಳ. ಆನೆಯಾದರೆ ಎರಡೂ ಬೇಡ, ಬಾಯಿ ಮುಚ್ಚಿಕೊಂಡು ಶಿವನನ್ನು ನೆನೆಯುವುದು. ವಯಸ್ಸಾದ ಕಣ್ಣಿಗೆ ಮಬ್ಬಿನಲ್ಲಿ ಕಪ್ಪಗಿರುವುದೆಲ್ಲ ಹಂದಿಯೇ. ಸುಟ್ಟ ಬುಡವೂ ಹಂದಿ, ಬಂಡೆಯೂ ಹಂದಿ. ಹೀಗೆಯೇ ಒಂದು ದಿನ ಸಿದ್ದಮ್ಮನೂ ಹಂದಿಯಾದಳು.

ಸಿದ್ದಮ್ಮ ಹಳ್ಳದಾಚೆಯ ಹೊಲದವಳು. ನನಗಿಂತ ನಾಲ್ಕಾರು ವರ್ಷ ಚಿಕ್ಕವಳು, ಬಾಯಲ್ಲಿ ದೊಡ್ಡವಳು. ಮುಂಚೆ ನಮ್ಮ ಸುತ್ತ ಹೊಲಕ್ಕೊಂದು ಅಟ್ಟಣೆ ಇತ್ತು, ಅಟ್ಟಣೆಗೊಬ್ಬರು ಕಾವಲು. ಹೊತ್ತು ಇಳಿಯುವಾಗ ಒಬ್ಬರು "ಇದ್ದೀರಾ?" ಎಂದು ಕೂಗಬೇಕು, ಉಳಿದವರು ಸಾಲಾಗಿ "ಇವ್ನಿ" ಎನ್ನಬೇಕು. ಯಾರಾದರೂ ಉತ್ತರ ಕೊಡದಿದ್ದರೆ ಪಕ್ಕದ ಹೊಲದವರು ಎದ್ದು ಹೋಗಿ ನೋಡಿಕೊಂಡು ಬರಬೇಕು. ಅದು ನಮ್ಮ ಕಟ್ಟಳೆ. ಆಮೇಲೆ ಸೋಲಾರ್ ತಂತಿಬೇಲಿ ಬಂತು. ತಂತಿ ಹಾಕಿಸಿದವರು ಒಬ್ಬೊಬ್ಬರಾಗಿ ಅಟ್ಟಣೆ ಇಳಿದು ಮನೆಯಲ್ಲಿ ಮಲಗಿದರು. ಅವರ ಬೆಳೆ ಉಳಿಯಿತು, ಒಳ್ಳೆಯದೇ ಆಯಿತು. ಆದರೆ ತಂತಿಗೆ "ಇದ್ದೀಯಾ" ಎಂದು ಕೂಗಿದರೆ ಅದು ಟಿಕ್ ಟಿಕ್ ಅನ್ನುತ್ತದೆ, ಅಷ್ಟೇ. ಕೊನೆಗೆ ಕೂಗಿಗೆ ಉಳಿದವರು ತಂತಿ ಹಾಕಿಸದ, ತುಂಡು ಹೊಲದ ನಾವಿಬ್ಬರೇ. ಮನೆಯಲ್ಲಿ ಮಗ ಸೊಸೆ ಚೆಂಡುಹೂ ಕಿತ್ತು ಸತ್ಯಮಂಗಲಕ್ಕೆ ಕಳಿಸುವ ಗಡಿಬಿಡಿಯಲ್ಲಿರುತ್ತಾರೆ. ಅವರು ನನಗೆ ಊಟ ಹಾಕುತ್ತಾರೆ, ಮಾತು ಹಾಕಲು ಅವರಿಗೆ ಹೊತ್ತಿಲ್ಲ. ದಿನಕ್ಕೆ ನನಗೆ ಸಿಗುತ್ತಿದ್ದ ಮಾತೆಂದರೆ ಆ "ಇವ್ನಿ."

ಅಂಥ ಸಿದ್ದಮ್ಮ ಒಂದು ಮುಂಜಾವ ಮಂಜಿನಲ್ಲಿ ನನ್ನ ಬದುವಿಗೆ ಬಂದು ಬಗ್ಗಿ ಸೊಪ್ಪು ಕೀಳುತ್ತಿದ್ದಳು. ನಾನು ಕೋವಿ ಎತ್ತಿ, "ಯಾವುದದು?" ಎಂದು ಗದರಿದೆ. ಹಂದಿ ಸೊಂಟ ಹಿಡಿದುಕೊಂಡು ಎದ್ದು ನಿಂತಿತು.

"ಕಣ್ ಕಾಣ್ದೋದ್ರೆ ಮನೇಲಿ ಕೂತ್ಕ ಮಾದೇವಕ್ಕ! ನನ್ನೇ ಅಂದಿ ಅಂದ್ಕಂಡ್ಯಾ?"

ಆಗ ಸುಮ್ಮನಿದ್ದರೆ ಆಗುತ್ತಿತ್ತು. "ಇಂದಿಂದ ನೋಡುದ್ರೆ ಅಂಗೇ ಕಾಣ್ತೀಯ ಕಣಮ್ಮಿ" ಎಂದೆ. ಅವಳು ಕಿತ್ತ ಸೊಪ್ಪನ್ನು ನನ್ನ ಬದುವಿನ ಮೇಲೇ ಬಿಸಾಕಿ ಹೋದಳು. ಅಂದಿನಿಂದ ನನ್ನ ಕೂಗಿಗೆ ಉತ್ತರ ನಿಂತಿತು. ಕಟ್ಟಳೆಯ ಪ್ರಕಾರ ನಾನು ಎದ್ದು ಹೋಗಿ ನೋಡಬೇಕಿತ್ತು. ಹೋಗಲಿಲ್ಲ. ಅವಳು ಸತ್ತಿಲ್ಲ, ಸಿಟ್ಟಾಗಿದ್ದಾಳೆ ಎಂದು ಗೊತ್ತಿತ್ತು. ಸತ್ತವರ ಹತ್ತಿರ ಹೋಗುವುದು ಇದಕ್ಕಿಂತ ಸುಲಭ.

ಅವಳ ಹತ್ತಿರ ಹೋಗುವ ಬದಲು ನಾನು ಮೈಸೂರಿಗೆ ಹೋದೆ, ಕೋವಿಯ ಮೇಲೆ ಕೂರಿಸುವ ದುರ್ಬೀನು ತರಲು. ಅದಿದ್ದರೆ ಇನ್ನೊಂದು ಸಲ ಮನುಷ್ಯರು ಹಂದಿಯಾಗುವುದಿಲ್ಲ ಎಂಬುದು ನನ್ನ ಲೆಕ್ಕ. ನಮ್ಮೂರು ತಮಿಳುನಾಡಿಗೆ ಸೇರಿದ್ದು, ಕೋವಿಯನ್ನು ಬಸ್ಸಿನಲ್ಲಿ ಹೊತ್ತು ರಾಜ್ಯ ದಾಟುವಂತಿಲ್ಲ. ಕೂಸಿನ ಸೊಂಟಕ್ಕೆ ಉಡಿದಾರದ ಅಳತೆ ತೆಗೆಯುವ ಹಾಗೆ ನಳಿಗೆಯ ಸುತ್ತ ಬಾಳೆನಾರು ಸುತ್ತಿ, ಗಂಟು ಹಾಕಿ, ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಹೊರಟೆ. ಕೋವಿ ಅಂಗಡಿಯವನಿಗೆ ಆ ನಾರಿನ ಬಳೆ ಕೊಟ್ಟಾಗ ಅವನು ಅದನ್ನು ಪ್ರಸಾದವೇನೋ ಎಂಬಂತೆ ಎರಡೂ ಕೈಯಲ್ಲಿ ಹಿಡಿದು ನಿಂತ.

ಮೊದಲು ಅವನು ಮೊಳದುದ್ದದ ಒಂದನ್ನು ತೋರಿಸಿದ. "ಅಜ್ಜಿ, ಇದ್ರಲ್ಲಿ ಆ ಗುಡ್ಡದ ಮೇಲಿರೋ ಜಿಂಕೆ ಕಣ್ಣೂ ಕಾಣುತ್ತೆ."

"ಕಂಡು ಏನ್ ಮಾಡ್ಲಪ್ಪಾ, ಅದಕ್ಕೆ ಕಾಡಿಗೆ ಅಚ್ಲಾ?"

ಅವನಿಗೆ ನನ್ನ ಅಳತೆ ತಿಳಿಯಿತು. ಒಳ್ಳೆಯ ಹುಡುಗ, ಆಮೇಲೆ ನಿಜ ಹೇಳಿದ. ಇಂಥ ಕೋವಿಯ ಚರೆಗುಂಡು ದೂರ ಹೋಗುವುದಿಲ್ಲ, ಆದ್ದರಿಂದ ಇದಕ್ಕೆ ತುಂಬಾ ದೊಡ್ಡದು ಮಾಡಿ ತೋರಿಸುವ ಗಾಜು ದಂಡ. ಹಾಗೆ ತೋರಿಸಿದಷ್ಟೂ ನೋಟ ಕಿರಿದಾಗುತ್ತದೆ, ಹಂದಿಯ ಬದಲು ಹಂದಿಯ ಕಿವಿ ಮಾತ್ರ ಕಾಣುತ್ತದೆ. ಕಡಿಮೆ ದೊಡ್ಡದು ಮಾಡುವ, ಅಗಲ ನೋಟದ ಗಿಡ್ಡ ದುರ್ಬೀನೇ ಸರಿ. ಕೋವಿ ಒದೆಯುವುದರಿಂದ ಒದೆ ತಡೆಯುವಂಥದ್ದು ಬೇಕು, ಅಗ್ಗದವು ನಾಲ್ಕು ಗುಂಡಿಗೇ ಒಳಗೆ ಸಡಿಲವಾಗುತ್ತವೆ. ಮಂಜು ಒಳಗೆ ಸೇರಬಾರದು. ಇಷ್ಟು ಅವನ ವಿದ್ಯೆ. ಇನ್ನು ನನ್ನ ವಿದ್ಯೆ ಶುರುವಾಯಿತು. ಮಡಕೆ ಕೊಳ್ಳುವಾಗ ಮಾಡುವ ಹಾಗೆ ಒಂದೊಂದನ್ನೂ ಬೆರಳ ಗಂಟಿನಿಂದ ಬಡಿದೆ, ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಗುಳು ಗುಳು ಅಂದವು ಪಕ್ಕಕ್ಕೆ ಹೋದವು. ಉಳಿದವನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸು ಎಂದೆ. ಅವನ ಮುಖ ಬಿಳುಚಿತು. ಎರಡನ್ನು ಆತುರಾತುರವಾಗಿ ಪೆಟ್ಟಿಗೆಗೆ ಸೇರಿಸಿದ. ಒಂದನ್ನು ಮಾತ್ರ ಧೈರ್ಯವಾಗಿ ಮುಳುಗಿಸಿದ. ಅದನ್ನೇ ಕೊಂಡೆ. ಒಂದು ಒಳ್ಳೆಯ ಹಿತ್ತಾಳೆ ಹಂಡೆಯ ಬೆಲೆ. ನಿಮಗೂ ಯಾವ ಸಾಮಾನಿನದಾದರೂ ಗಟ್ಟಿತನ ನೋಡಬೇಕಾದರೆ ಸಾಮಾನನ್ನು ನೋಡಬೇಡಿ, ಬಕೆಟ್ಟು ತೋರಿಸಿ ಮಾರುವವನ ಮುಖ ನೋಡಿ. ಗಂಡು ನೋಡುವಾಗಲೂ ಇದು ನಡೆಯುತ್ತದೆ.

ಮನೆಗೆ ಹೊಸ ಆಯುಧ ಬಂದರೆ ಪೂಜೆಯಾಗದೆ ಬಳಸುವುದು ನಮ್ಮಲ್ಲಿಲ್ಲ. ಕುಡುಗೋಲಿರಲಿ, ಮಿಕ್ಸಿಯಿರಲಿ, ವಿಭೂತಿ ಬೀಳಬೇಕು. ದುರ್ಬೀನಿಗೆ ಹಣೆ ಎಲ್ಲಿ ಎಂದು ತಿರುಗಿಸಿ ನೋಡಿದೆ. ಎದುರು ಗಾಜೇ ಅಗಲವಾಗಿ, ಹಣೆಯ ಹಾಗಿತ್ತು. ನೀರಲ್ಲಿ ಕಲಸಿದ ವಿಭೂತಿಯಿಂದ ಮೂರು ಬೆರಳು ಎಳೆದು, ನಡುವೆ ಕುಂಕುಮ ಇಟ್ಟೆ. ಸಂಜೆ ಅದನ್ನು ತಿರುಪು ಹಾಕಿ ಕೋವಿಗೆ ಕೂರಿಸಿ ಅಟ್ಟಣೆಯಲ್ಲಿ ನೋಡಿದರೆ ಲೋಕವೆಲ್ಲ ಬೂದಿ ಬೂದಿ, ನಡುವೆ ಒಂದು ಕೆಂಪು ಸೂರ್ಯ. ಮೋಸ ಹೋದೆ ಎಂದು ಮೊಮ್ಮಗಳಿಂದ ಅಂಗಡಿಗೆ ಫೋನು ಹಚ್ಚಿಸಿ ಬೈದೆ.

ಅವನು ಕೇಳಿಸಿಕೊಂಡು, "ಅಜ್ಜಿ, ಗಾಜಿಗೆ ಏನಾದ್ರೂ ಹಚ್ಚಿದ್ರಾ?" ಎಂದ.

"ವಿಭೂತಿ."

"ಒರೆಸಿಬಿಡಿ ಅಜ್ಜಿ."

"ಅಚ್ಚಿದ್ದ ಒರುಸ್ಬಾರ್ದು ಕಣಪ್ಪಾ. ತಾನೇ ಓಗ್ಬೇಕು."

ತಾನೇ ಹೋಗಲು ಒಂದು ಮಳೆ ಬರಬೇಕಾಯಿತು. ಶಿವನ ಮೂರನೆಯ ಕಣ್ಣು ತೆರೆದರೆ ಎದುರಿಗಿರುವುದು ಬೂದಿಯಾಗುತ್ತದೆ ಎನ್ನುತ್ತಾರೆ. ನನ್ನದರಲ್ಲಿ ಬೂದಿಯೇ ಮೊದಲು ಬಂತು.

ಮಳೆಯ ಮರುದಿನ ಹಂದಿ ಬಂದವು. ಗಾಜಿಗೂ ಕಣ್ಣಿಗೂ ನಡುವೆ ನಾಲ್ಕು ಬೆರಳು ಜಾಗ ಬಿಡಿ ಎಂದು ಅಂಗಡಿಯವನು ಹೇಳಿದ್ದ. ಚೆನ್ನಾಗಿ ಕಾಣಲಿ ಎಂದು ನಾನು ಕಣ್ಣನ್ನು ಅಂಟಿಸಿಯೇ ನೋಡಿ, ಹಂದಿಯೇ ಎಂದು ಖಾತ್ರಿ ಮಾಡಿಕೊಂಡು, ಹಾಗೇ ನಳಿಗೆಯನ್ನು ಮೇಲೆತ್ತಿ ಹೊಡೆದೆ. ಹಂದಿ ಓಡಿದವು. ದುರ್ಬೀನು ನನ್ನ ಹುಬ್ಬಿನ ಮೇಲೆ ಅರ್ಧಚಂದ್ರ ಕೊರೆಯಿತು. ಗಾಯಕ್ಕೆ ಅರಿಸಿನ ಹಚ್ಚಿಕೊಂಡು ಕೂತಾಗ ನೋವಿಗಿಂತ ಹೆಚ್ಚು ಕಾಡಿದ್ದು ಬೇರೆ. ಹಿಂದೆ ಕೋವಿ ಸದ್ದಾದರೆ ಹಳ್ಳದಾಚೆಯಿಂದ "ಏನಕ್ಕ, ಅಂದಿ ಓದ್ವಾ?" ಎಂಬ ಮಾತು ಬರುತ್ತಿತ್ತು. ಆ ದಿನ ಗುಡ್ಡ ಮಾತ್ರ ನನ್ನ ಗುಂಡನ್ನೇ ನನಗೆ ತಿರುಗಿ ಹೇಳಿತು.

ಅವಳು ಅಟ್ಟಣೆಯಲ್ಲಿದ್ದಾಳೋ ಇಲ್ಲವೋ ನೋಡೋಣ ಎನಿಸಿತು. ನೋಡಬೇಕಾದರೆ ಕೋವಿಯನ್ನು ಅವಳತ್ತ ತಿರುಗಿಸಬೇಕು. ಜಗಳವಾದದ್ದೇ ಅದಕ್ಕೆ. ಈ ದುರ್ಬೀನು ಮಾಡಿದವರು ಇದನ್ನು ಯೋಚಿಸಿಲ್ಲ, ಯಾರನ್ನು ಹತ್ತಿರ ತಂದುಕೊಳ್ಳಬೇಕಾದರೂ ಮೊದಲು ಗುರಿ ಇಡಬೇಕು. ಪೆಟ್ಟಿಗೆಯಲ್ಲಿದ್ದ ಡೊಂಕು ಕೀಲಿಯಿಂದ ತಿರುಪುಗಳನ್ನು ಬಿಚ್ಚಿ ಅದನ್ನು ಕೈಗೆ ತೆಗೆದುಕೊಂಡೆ. ಎಷ್ಟು ಒದೆ ತಡೆಯುತ್ತದೆಂದು ಆರಿಸಿ ತಂದ ಸಾಮಾನು, ಒಂದೇ ಒದೆಗೆ ಕೋವಿಯಿಂದ ಇಳಿಯಿತು.

ಇದ್ದಳು. ಕಾಲು ಇಳಿಬಿಟ್ಟು, ಒಬ್ಬಳೇ ತುಟಿ ಆಡಿಸುತ್ತಾ ಕೂತಿದ್ದಳು. ನನ್ನನ್ನು ಬೈಯುತ್ತಿದ್ದಾಳೆ ಎಂದುಕೊಂಡೆ. ಆಮೇಲೆ ಅಂಗೈಯನ್ನು ಹುಬ್ಬಿಗೆ ಅಡ್ಡ ಇಟ್ಟು ನನ್ನ ಕಡೆಗೇ ನೋಡಿದಳು, ಬಹಳ ಹೊತ್ತು. ನಾನು ತಟ್ಟನೆ ಕೆಳಗಿಳಿಸಿದೆ. ಮತ್ತೆ ಎತ್ತಿದರೆ ಇನ್ನೂ ನೋಡುತ್ತಿದ್ದಳು. ಇಷ್ಟು ದೂರಕ್ಕೆ ಬರಿಗಣ್ಣಿಗೆ ನಾನೇನು ಕಾಣುತ್ತೇನೆ, ಒಂದು ಕಪ್ಪು ಬೊಟ್ಟು.

ಮಾರನೆಯ ಸಂಜೆ, ಅದರ ಮಾರನೆಯ ಸಂಜೆ, ಅದೇ ನನ್ನ ಕೆಲಸವಾಯಿತು. ಅವಳು ಇರುವುದು ಪಡುವಣಕ್ಕೆ, ಇಳಿಬಿಸಿಲು ನೇರ ಗಾಜಿಗೆ ಬೀಳುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ಒಂದು ದಿನ ನೋಡುತ್ತಿದ್ದ ಹಾಗೆಯೇ ಅವಳು ಅಟ್ಟಣೆಯಿಂದ ಇಳಿದಳು, ಹಳ್ಳಕ್ಕೆ ಇಳಿದಳು, ಗಾಜಿನಿಂದ ಮರೆಯಾದಳು. ಆಮೇಲೆ ನನ್ನ ಏಣಿಯ ಬುಡದಲ್ಲಿ ಸದ್ದು.

"ಏನಕ್ಕ ಅದು, ದಿನಾ ಮಿಂಚ್ತದಲ್ಲ? ನನ್ನೇ ನೋಡ್ತಿದ್ದೀಯಾ?"

"ಅಂದಿ ನೋಡ್ತಿವ್ನಿ."

"ತೂ ನಿನ್ನ!" ಎನ್ನುತ್ತಲೇ ಏಣಿ ಹತ್ತಿದಳು. "ಅಣೆಗೇನಾಯ್ತಕ್ಕ?"

"ಕಣ್ಣು ಒದೀತು."

ಅವಳು ಕೇಳದೆಯೇ ದುರ್ಬೀನನ್ನು ನನ್ನ ಕೈಯಿಂದ ಕಿತ್ತುಕೊಂಡಳು. ಮೊದಲು ತಿರುಗುಮುರುಗಾಗಿ ಹಿಡಿದಳು, ಆಮೇಲೆ ಸರಿಯಾಗಿ ಹಿಡಿದು ತಪ್ಪು ಕಣ್ಣು ಮುಚ್ಚಿದಳು. ಕೊನೆಗೆ ಅವಳ ಹೊಲ ಸಿಕ್ಕಿತು.

"ನನ್ನ ಅಟ್ಟಣೇಲಿ ಯಾರೂ ಇಲ್ವಲ್ಲಕ್ಕ."

"ನೀ ಇಲ್ಲಿ ಕೂತಿದ್ರೆ ಅಲ್ಲಿ ಯಾರಿರ್ತಾರಮ್ಮಿ?"

ನಗುತ್ತಾಳೆ ಎಂದುಕೊಂಡೆ, ನಗಲಿಲ್ಲ. ಗಾಜಿನಿಂದ ಕಣ್ಣು ತೆಗೆಯದೆ, "ಎಂಗ್ ಬಿಕೋ ಅಂತದೆ ನೋಡು. ನಿಂಗೂ ಇಂಗೇ ಕಾಣ್ತಿತ್ತಾ?" ಎಂದಳು.

"ಇಲ್ಲ, ನೀನು ಕಾಣ್ತಿದ್ದೆ. ಅದ್ಕೇ ಇನ್ನೂ ಬ್ಯಾಸರ."

ಅವಳು ಗಾಜನ್ನು ಮೆಲ್ಲಗೆ ಜೋಳದ ಕಡೆ ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ನನ್ನ ತೊಡೆ ಹಿಡಿದು ಅಲ್ಲಾಡಿಸಿದಳು. "ಅಂದಿ ಕಣಕ್ಕ! ನನ್ನ ಜೋಳದ ಒಳಕ್ಕೇ ಬಂದೋ! ಮರಿಗೋಳೂ ಅವೆ!"

ನಾನು ಕೋವಿಗೆ ಕೈ ಹಾಕಿದೆ.

"ತಡಿ, ಒಡೀಬ್ಯಾಡ. ಎಷ್ಟವೆ ಅಂತ ಎಣುಸ್ತೀನಿ."

ಎಣಿಸಿದಳು, ಮರಿಗಳು ಅತ್ತಿತ್ತ ಓಡಿ ಲೆಕ್ಕ ತಪ್ಪಿತು, ಮತ್ತೆ ಮೊದಲಿನಿಂದ ಎಣಿಸಿದಳು. ನಾನು ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅವಸರ ಮಾಡಲಿಲ್ಲ. ಬಹಳ ದಿನಗಳ ಮೇಲೆ ಅಟ್ಟಣೆ ಇಬ್ಬರ ಭಾರಕ್ಕೆ ಕಿರುಗುಟ್ಟುತ್ತಿತ್ತು. ಅಲ್ಲದೆ, ಜೋಳ ಅವಳದು.