ಎದೆಗೆ ಪಟ್ಟಿ ಕಟ್ಟಿದ ಡಾಕ್ಟರು

ಡಾಕ್ಟರ ಬಿಳಿ ಅಂಗಿಯೊಳಗೆ, ಎದೆಗೆ ಅಡ್ಡಲಾಗಿ ಒಂದು ಕರಿಪಟ್ಟಿ ಕಾಣುತ್ತಿತ್ತು. ಇವರ ಬೆಲ್ಟು ಸೊಂಟ ಬಿಟ್ಟು ಮೇಲೇರಿದೆಯಲ್ಲ ಎಂದು ನನಗೆ ನಗು. ಅದು ಎದೆಬಡಿತ ಅಳೆದು ಮೇಜಿನ ಮೇಲಿನ ಪರದೆಯಲ್ಲಿ ಗೆರೆಯಾಗಿ ತೋರಿಸುವ ಪಟ್ಟಿ. ರೋಗಿಗೆ ಕಟ್ಟುವ ಮೊದಲು ತಾವು ಕಟ್ಟಿಕೊಳ್ಳಬೇಕು, ಅದು ಅವರ ಪದ್ಧತಿ.

ಧನಕವಡಿಯ ಆ ಮನೋವೈದ್ಯರ ಬಳಿ ನನ್ನ ಮಗಳು ಕೆಲವು ವಾರಗಳಿಂದ ಹೋಗುತ್ತಿದ್ದಳು. ಸಣ್ಣ ಮಾತಿಗೆ ಸಿಡಿದು ತಟ್ಟೆ ಒಗೆಯುವಳು, ಆಮೇಲೆ ತಾನೇ ಕೆಟ್ಟವಳೆಂದು ಅಳುವಳು. ನೆಂಟರೆಲ್ಲ ನಾಟಕ ಅಂದಿದ್ದರು. ಹಿಂದಿನ ಇಬ್ಬರು ಡಾಕ್ಟರನ್ನು ಬಿಟ್ಟು ಬಂದಿದ್ದಳು. ಇವರು ವ್ಯಕ್ತಿತ್ವದ ತೊಂದರೆ ಎಂದ ದಿನ ಮತ್ತೆ ಎದ್ದು ಚಪ್ಪಲಿ ಮೆಟ್ಟಿದಳು.

"ಅಂದ್ರ ನನ್ನ ಗುಣಾನ ಕೆಟ್ಟದ ಅಂದಂಗಾತು!"

ಡಾಕ್ಟರು ತಮ್ಮ ಎದೆಯ ಪಟ್ಟಿ ತಟ್ಟಿಕೊಂಡರು. ನನ್ನ ಕಡೆ ತಿರುಗಿದರು. "ಕಾಕಾ, ಮಂದೀನ ಕಾಡಸೂದ್ರಾಗ ನೀವು ಭಾಳ ಹುಷಾರಂತ. ನನ್ನ ಎದಿ ಓಡಸ್ರಿ ನೋಡೋಣು."

ನನಗೆ ಹೇಳಬೇಕೆ! ಚಾಕಣದ ಕಾರ್ಖಾನೆಯಲ್ಲಿ ಬ್ರೇಕ್ ಪರೀಕ್ಷೆ ಮಾಡುತ್ತಿದ್ದಾಗ, ಸುಳ್ಳು ಫೋನ್ ಮಾಡಿ ಮ್ಯಾನೇಜರನ್ನು ಅವರ ಮದುವೆಯ ದಿನವೇ ಡ್ಯೂಟಿಗೆ ಓಡಿಬರುವಂತೆ ಮಾಡಿದ ಭೂಪ ನಾನು. ಕಿಟಕಿಯಾಚೆ ಇಣುಕಿ, ಮುಖ ಬಿಗಿದು ಹೇಳಿದೆ: "ಡಾಕ್ಟರ್ರ, ಟ್ರಾಫಿಕ್‌ನವರು ನಿಮ್ಮ ಸ್ಕೂಟರ್ ಟೆಂಪೋಕ್ಕ ಏರಸ್ಲಿಕತ್ತಾರ!"

"ಅರೇ ಬಾಪ್ರೇ!"

ಕಿಟಕಿಗೆ ಹಾರಿದರು. ಪರದೆಯ ಮೇಲಿನ ಗೆರೆಯೂ ಹಾರಿತು. ಕೆಳಗೆ ಸ್ಕೂಟರಿನ ಸೀಟಿನ ಮೇಲೆ ಬೆಕ್ಕೊಂದು ಆರಾಮಾಗಿ ಮಲಗಿತ್ತು. ನಗುತ್ತ ಬಂದು ಕೂತರು. ಗೆರೆಯೂ ಮೆಲ್ಲಗೆ ಇಳಿಯಿತು. ಎಷ್ಟೋ ದಿನದ ಮೇಲೆ ಮಗಳು ನಕ್ಕಳು. "ನನಗೂ ಕಟ್ರಿ," ಎಂದಳು.

ಡಾಕ್ಟರು ಅವಳಿಗೆ ಪಟ್ಟಿ ಕಟ್ಟಿಸಿ, ನಿನ್ನೆ ಮನೆಯಲ್ಲಾದ ಜಗಳ ನೆನೆಸಿಕೋ ಎಂದರು. ಅವಳ ಗೆರೆ ಏರಿತು. ಏರಿದ್ದು ಇಳಿಯಲೊಲ್ಲದು.

"ನೋಡವಾ, ಎದಿ ಗಡಿಯಾರದಂಗ ಬಡಿಯೂದಿಲ್ಲ. ಉಸಿರು ಎಳದಾಗ ಚೂರು ಓಡ್ತದ, ಬಿಟ್ಟಾಗ ಸಾವಕಾಶ ಆಗ್ತದ. ಆ ಏರಿಳಿತ ನಿನಗ ಕಡಿಮಿ. ನಿಮ್ಮಪ್ಪಗ ತಿಳಿಯೂ ಹಂಗ ಹೇಳಬೇಕಂದ್ರ, ಬ್ರೇಕ್ ತಡಾ ಹಿಡೀತದ. ನಿನ್ನಂಥ ತೊಂದರಿ ಇದ್ದವರಿಗೆ ಹಿಂಗ ಇರೂದುಂಟು."

"ಹಂಗಾರ ಇದು ನಾಟಕ ಅಲ್ಲ?"

"ತೊಂದರಿ ಹೆಸರು ನಾ ಹೇಳಿದ್ದು ನಿನ್ನ ಜೋಡಿ ಮಾತಾಡಿ. ಈ ಪಟ್ಟಿ ಅಷ್ಟು ಶಾಣ್ಯಾ ಅಲ್ಲ. ಆದ್ರ ನಿನ್ನ ಎದಿ ಒದ್ದಾಡೂದು ಖರೆ. ಇಳಸೂದು ಕಲಿಯೋಣು."

ಮಗಳು ಚಪ್ಪಲಿ ಬಿಟ್ಟು ಕೂತಳು.

ಆಮೇಲೆ ಹೋದಾಗಲೆಲ್ಲ ನಾನು ಬಾಗಿಲಲ್ಲೇ "ಸ್ಕೂಟರ್ ಹೋತ್ರೀ!" ಎಂದು ಕೂಗುವುದು, ಅವರು ಪ್ರತಿಸಲವೂ ಗಾಬರಿಯಿಂದ ಎದ್ದು ಕಿಟಕಿಗೆ ಓಡುವುದು. ಮೋಸಹೋಗಿ ಅಲ್ಲ, ಹುಡುಗಿ ನಗಲಿ ಎಂದು. ನನಗಿಂತ ದೊಡ್ಡ ಕಿಲಾಡಿ ಅಂತ ನಾನು ಒಪ್ಪಿಕೊಂಡದ್ದು ಅವರೊಬ್ಬರನ್ನೇ. ಅವಳು ಉಸಿರನ್ನು ಉದ್ದಕ್ಕೆ ಬಿಡುವುದನ್ನು ಕಲಿತಳು. ನಮ್ಮ ತಟ್ಟೆಗಳಿಗೂ ಆಯುಷ್ಯ ಬಂತು.

ಈ ವರ್ಷ ಡಾಕ್ಟರು ತೀರಿಕೊಂಡರು. ಅವರ ಮನೆಗೆ ಹೋದಾಗ ಸ್ಕೂಟರು ಕೆಳಗೇ ನಿಂತಿತ್ತು. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಮೆಟ್ಟಿಲ ಬಳಿ ಮಗಳು ಎದೆಯ ಮೇಲೆ ಕೈಯಿಟ್ಟು ನಿಂತುಬಿಟ್ಟಳು.

"ಸ್ವಲ್ಪ ನಿಂದ್ರಪಾ. ಎದಿ ಇನ್ನೂ ಇಳಿದಿಲ್ಲ."

ಮೆಟ್ಟಿಲ ಮೇಲಿಟ್ಟ ಕಾಲನ್ನು ನಾನು ಹಿಂದಕ್ಕೆ ತೆಗೆದೆ. ಅವಳು ಉಸಿರೆಳೆದು ನಿಧಾನವಾಗಿ, ಇನ್ನೂ ನಿಧಾನವಾಗಿ ಬಿಟ್ಟಳು. ಆಮೇಲೆ ನನ್ನ ಕೈ ಹಿಡಿದು, "ಹೂಂ, ನಡಿ," ಎಂದಳು.