ಕಂಪ್ಯೂಟರಿಗೆ ಇಬ್ಬರು ಕಾವಲು

ಆ ಸಂಜೆ ನಮ್ಮ ಯಜಮಾನರು ತಿಪಟೂರಿನಿಂದ ಒಂದು ಸಿ.ಡಿ. ತಂದಿದ್ದರು. ಮನೆಯ ಕಂಪ್ಯೂಟರಿನಲ್ಲಿ ಆಗಲೇ ಒಂದು ಆಂಟಿವೈರಸ್ ಇತ್ತು. ಇದು ಎರಡನೆಯದು.

"ಒಂದು ಸಾಲದಾ?" ಎಂದೆ.

"ಕೊಬ್ರಿ ಕಾಯಕ್ಕೆ ಇಬ್ರುನ್ನ ಕೂರುಸ್ತೀವಿ, ಇದಕ್ಕೆ ಒಂದೇ ಸಾಕಾ? ಒಂದು ತೂಕಡಿಸಿದ್ರೆ ಇನ್ನೊಂದು ಎದ್ದಿರ್ತದೆ."

ನಮ್ಮಲ್ಲಿ ಅದು ರೂಢಿ. ಅಟ್ಟದಿಂದ ಇಳಿಸಿ ಸುಲಿದ ಕೊಬ್ಬರಿಯನ್ನು ಅಂಗಳದಲ್ಲಿ ಹರಡಿದ ದಿನ, ಕೋತಿ ಓಡಿಸಲು ಇಬ್ಬರು ಕೂರಲೇಬೇಕು.

ಮಗಳು ಆಟವಾಡುವಾಗ ಆಂಟಿವೈರಸ್ ಆಫ್ ಮಾಡಿಬಿಡುತ್ತಿದ್ದಳು. ಅದಕ್ಕೇ ಹೊಸದಕ್ಕೆ ಪಾಸ್‌ವರ್ಡ್ ಹಾಕಿದರು. ಎಡಗೈ ಅಡ್ಡ ಹಿಡಿದು, ಬಲಗೈಯ ಒಂದೇ ಬೆರಳಲ್ಲಿ ಒತ್ತಿದರು.

"ನಂಗೂ ಹೇಳಲ್ವಾ?"

"ನಿಂಗೆ ಗೊತ್ತಿರೋದೇ ಕಣೇ. ಯೋಚ್ನೆ ಮಾಡು."

ಒಲೆಯ ಮೇಲೆ ಸಾರು ಉಕ್ಕುತ್ತಿತ್ತು. ಎದ್ದು ಹೋದೆ.

ಮರುದಿನ ಬೆಳಗ್ಗೆ ತೋಟಕ್ಕೆ ನೀರು ಬಿಡಲು ಹೋದವರು ಎದೆ ಹಿಡಿದುಕೊಂಡು ಬದುವಿನ ಮೇಲೆ ಕೂತರಂತೆ. ಆಸ್ಪತ್ರೆ ತಲುಪುವಷ್ಟರಲ್ಲಿ ಉಸಿರು ನಿಂತಿತ್ತು.

ಕಂಪ್ಯೂಟರಿನ ಮೇಲೆ ಅವರೇ ಹೊದಿಸಿದ್ದ ಬಟ್ಟೆಯನ್ನು ಬಹಳ ದಿನ ಯಾರೂ ತೆಗೆಯಲಿಲ್ಲ. ಮಗಳಿಗೆ ಕಾಲೇಜಿನ ಪ್ರಾಜೆಕ್ಟ್ ಟೈಪ್ ಮಾಡುವ ಕೆಲಸ ಬಂದಾಗ ತೆಗೆದೆವು. ಸ್ವಿಚ್ ಹಾಕಿ, ಮುದ್ದೆಗೆ ಎಸರಿಟ್ಟು ಬಂದರೂ ಪರದೆ ಪೂರ್ತಿ ಬಂದಿರುತ್ತಿರಲಿಲ್ಲ. ಎರಡನೆಯದು ಬಂದ ಮೇಲೇ ಹೀಗಾಗಿರಬೇಕೆಂದು ಹೊಸ ಆಂಟಿವೈರಸ್ ತೆಗೆದುಹಾಕಹೋದರೆ ಚಿಕ್ಕದೊಂದು ಚೌಕ ಮೂಡಿ ಪಾಸ್‌ವರ್ಡ್ ಕೇಳಿತು.

ನನ್ನ ಹೆಸರು ಹಾಕಿದೆ. ಅಲ್ಲ ಎಂದಿತು. ಮಗಳ ಹೆಸರು, ಅವರ ಊರಿನ ಹೆಸರು, ಮನೆದೇವರ ಹೆಸರು. ಯಾವುದೂ ಅಲ್ಲ.

ಹಿಂದೆ ನಿಂತು ನೋಡುತ್ತಿದ್ದ ಅತ್ತೆ, "ಕೊಟ್ಟಿಗೇಲಿರೋ ಆ ಕೆಂದ ಹಸುವಿನ ಹೆಸ್ರು ಹಾಕ್ ನೋಡೇ. ಅವ್ನಿಗೆ ನಮ್ಗಿಂತ ಅದ್ರ ಮೇಲೇ ಪ್ರೀತಿ" ಎಂದರು. ಅದನ್ನೂ ಹಾಕಿದೆ. ಅದೂ ಅಲ್ಲವೆಂದಾಗ ಅತ್ತೆಗೆ ಒಳಗೊಳಗೇ ಸಮಾಧಾನವಾದಂತೆ ಕಂಡಿತು.

ಮಗಳು ಕಾಲೇಜಿಗೆ ಹೋದ ಮೇಲೆ ನಾನೊಬ್ಬಳೇ ಕೂತು ಹುಡುಕತೊಡಗಿದೆ. ಕಂಪ್ಯೂಟರ್ ಸರಿಹೋಗುವುದು ಮಗಳಿಗೆ ಬೇಕಿತ್ತು. ನನಗೆ ಬೇಕಿದ್ದದ್ದು ಆ ಪದ. ನನಗೆ ಗೊತ್ತಿದೆ ಎಂದು ಅವರು ನಂಬಿದ್ದ ಪದ.

ಕೊನೆಗೆ ಮಗಳೇ ತಿಪಟೂರಿನಿಂದ ರಿಪೇರಿಯವರನ್ನು ಕರೆಸಿದಳು. ಮೊದಲು ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದ ಸಾಬರು, ಯಜಮಾನರಿಗೆ ಪರಿಚಯದವರು. ಸ್ವಲ್ಪ ಹೊತ್ತು ನೋಡಿ ನಕ್ಕರು.

"ಅಕ್ಕಾ, ಇವೆರಡೂ ಒಂದನ್ನೊಂದು ಕಳ್ಳ ಅಂದ್ಕೊಂಡವೆ. ದಿನವೆಲ್ಲಾ ಕತ್ತಿನಪಟ್ಟಿ ಹಿಡ್ಕೊಂಡು ಕೂತಿದ್ರೆ ಬೇರೆ ಕೆಲ್ಸ ಎಲ್ಲಾದೀತು? ಅಣ್ಣೋರು ಇಬ್ರುನ್ನ ಕಾವಲಿಟ್ರು, ಒಬ್ರಿಗೊಬ್ರನ್ನ ಪರಿಚಯ ಮಾಡ್ಸೋದು ಮರೆತ್ರು."

ಯಜಮಾನರು ತೀರಿಕೊಂಡ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಹಳೆಯ ಆಂಟಿವೈರಸ್ ತಕರಾರಿಲ್ಲದೆ ಹೋಯಿತು. ಹೊಸದು ಮತ್ತೆ ಪಾಸ್‌ವರ್ಡ್ ಕೇಳಿತು. "ಸೇಫ್ ಮೋಡಲ್ಲಿ ತೆಗೀತೀನಿ. ಅಲ್ಲಿ ಇದು ಎದ್ದಿರಲ್ಲ, ಕೇಳೋದೂ ಇಲ್ಲ" ಎಂದರು.

"ಅವ್ರು ತೆಗೆದ ಫೋಟೋಗಳು ಹೋಗ್ತವಾ?"

"ಏನೂ ಹೋಗಲ್ಲ."

"ಪಾಸ್‌ವರ್ಡ್ ಏನಂತ ಗೊತ್ತಾಗುತ್ತಾ?"

ಅವರು ಕುರ್ಚಿಯಲ್ಲೇ ನನ್ನ ಕಡೆ ತಿರುಗಿದರು. "ಇಲ್ಲ ಅಕ್ಕ. ಅದು ಇದ್ರ ಜೊತೆಗೇ ಹೋಯ್ತದೆ."

ಕುರ್ಚಿ ಹಿಂದಕ್ಕೆ ಸರಿಸಿ ಎದ್ದರು. "ಅಜ್ಜಿ ಹತ್ರ ಟೀ ಕುಡ್ಕೊಂಡ್ ಬತ್ತೀನಿ. ಅಷ್ಟರಲ್ಲಿ ನೀವು ಇನ್ನೊಂದ್ ಸಲ ನೋಡಿ. ಅವಸರ ಏನಿಲ್ಲ."

ಮದುವೆಯಾದ ಹೊಸದರಲ್ಲಿ, ಯಾರೂ ಇಲ್ಲದಾಗ ಯಜಮಾನರು ನನ್ನನ್ನು ಕರೆಯುತ್ತಿದ್ದ ಹೆಸರೊಂದಿತ್ತು. ಅದನ್ನು ಅಲ್ಲಿಯವರೆಗೆ ಹಾಕಿರಲಿಲ್ಲ. ಅದೂ ಅಲ್ಲದಿದ್ದರೆ ಮುಂದೇನು ಎಂಬ ಭಯ. ನಿಧಾನವಾಗಿ ಟೈಪ್ ಮಾಡಿ ಒತ್ತಿದೆ. ತಪ್ಪು ಎಂದು ಕೆಂಪಕ್ಷರ ಬಂತು. ಸೆರಗಿನಿಂದ ಮುಖ ಒರೆಸಿಕೊಂಡು ಸಾಬರನ್ನು ಕರೆದೆ.

"ತೆಗೆದುಬಿಡಿ."

ಟೀ ಲೋಟ ಕೆಳಗಿಟ್ಟು ಅವರು ಬಂದು ಕೂತರು. ಕೆಲಸ ಬೇಗ ಮುಗಿಯಿತು. ಅಂದು ಸಂಜೆಯೇ ಮಗಳು ಟೈಪ್ ಮಾಡಲು ಕೂತಳು. ಅಪ್ಪ ತೆಗೆದ ಫೋಟೋಗಳೂ ತಕ್ಷಣ ತೆರೆದುಕೊಂಡವು. ಅತ್ತೆ ಕನ್ನಡಕ ಹಾಕಿಕೊಂಡು ಬಂದು ಒಂದೊಂದನ್ನೂ ನೋಡಿದರು.

ಎಲ್ಲವೂ ಇತ್ತು. ಆ ಪದ ಮಾತ್ರ ಇವತ್ತಿಗೂ ಸಿಕ್ಕಿಲ್ಲ.