ಉಗುರುಬೆಚ್ಚಗಿನ ನೀರು

ನಮ್ಮ ಗೈಡ್ ಅವರ ಹಣೆಗೆ ಎರಡು ಬಣ್ಣ. ಟೋಪಿಯ ಗೆರೆಯಿಂದ ಮೇಲೆ ಬಿಳುಪು, ಕೆಳಗೆ ಸೀದ ದೋಸೆಯ ಕಂದು. ಬಸವನಗುಡಿಯ ಕಾಲೇಜೊಂದರ ತಾರಸಿಯ ಮೇಲೆ ವರ್ಷಗಟ್ಟಲೆ ಸೌರಶಕ್ತಿಯ ಪ್ರಯೋಗ ಮಾಡಿದ ಮುಖ ಅದು. ನಡುವೆ ಮೋಡ ಅಡ್ಡ ಬಂದರೆ ಸೊಂಟದ ಮೇಲೆ ಕೈಯಿಟ್ಟು, "ಬಂದ್ಯಾ? ನಿನ್ನನ್ನ ಯಾರಪ್ಪ ಕರೆದಿದ್ದು?" ಎಂದು ಗದರುತ್ತಿದ್ದರು. ನಾವು ವಿದ್ಯಾರ್ಥಿಗಳೂ ಅವರಿಗೆ ಏಕವಚನವೇ. ಕೋಪ ಬಂದಾಗ ಮಾತ್ರ ಬಹುವಚನಕ್ಕೆ ಏರುತ್ತಿದ್ದರು.

ನನ್ನ ಪಿಎಚ್‌ಡಿಯ ವಿಷಯ ಅವರದೇ ಕನಸು. ಬಿಸಿಲಿಗೆ ಕಾದ ಸೋಲಾರ್ ಪ್ಯಾನೆಲ್ ಕರೆಂಟು ಕಡಿಮೆ ಕೊಡುತ್ತದೆ. ಅದರ ಬೆನ್ನಿಗೆ ಪೈಪು ಕೂರಿಸಿ ನೀರು ಹರಿಸಿದರೆ ಪ್ಯಾನೆಲ್ ತಣಿಯುತ್ತದೆ, ಕರೆಂಟು ಹೆಚ್ಚುತ್ತದೆ, ನೀರೂ ಕಾಯುತ್ತದೆ. ಕರೆಂಟನ್ನೂ ಶಾಖವನ್ನೂ ಕೂಡಿಸಿ ನೋಡಿದರೆ ನಮ್ಮ ಫಲಿತಾಂಶ ಯಾರೇ ಆದರೂ ಹುಬ್ಬೇರಿಸುವಷ್ಟು ದೊಡ್ಡದಾಗಿತ್ತು. ಆ ದಿನ ಗೈಡ್ ಗಾಂಧಿಬಜಾರಿನಲ್ಲಿ ಬೈಟು ಕಾಫಿಯ ಬದಲು ಇಬ್ಬರಿಗೂ ಫುಲ್ ಹೇಳಿದರು.

ಅದೇ ಹುಮ್ಮಸ್ಸಿನಲ್ಲಿ ಗವಿಪುರದಲ್ಲಿದ್ದ ಅವರ ಅಕ್ಕನ ಮನೆಯ ಮೇಲೆ ಅಂಥದ್ದೇ ಒಂದನ್ನು ಕೂರಿಸಿದೆವು. ಅಕ್ಕನ ಮಗಳು ಹೆರಿಗೆಗೆ ಬಂದಿದ್ದಳು. "ಹೊಗೆ ಮಗೂಗೆ ಒಳ್ಳೇದಲ್ಲಕ್ಕ" ಎಂದು ತಾವೇ ನಿಂತು ಬಚ್ಚಲಿನ ಹಂಡೆ, ಒಲೆ ಎಲ್ಲ ಕೀಳಿಸಿದರು. ಬಾಣಂತಿಗೆ ಮೊದಲ ಎಣ್ಣೆನೀರಿನ ದಿನ ನನ್ನನ್ನೂ ಕರೆದರು. ಆಕಾಶ ತೊಳೆದಿಟ್ಟಂತಿತ್ತು.

ಮೈತುಂಬ ಎಣ್ಣೆ ಹಚ್ಚಿಸಿಕೊಂಡು ಬಾಣಂತಿ ಮಣೆಯ ಮೇಲೆ ಕೂತಿದ್ದಳು. ಅಕ್ಕ ನಲ್ಲಿ ತಿರುಗಿಸಿ ನೀರಿಗೆ ಕೈಯಿಟ್ಟರು. "ಇದೇನೋ ಇದು, ಉಗುರುಬೆಚ್ಚಗಿದೆ ಅಷ್ಟೇ!"

ನಾನು ಫೋನಿನಲ್ಲಿ ನೀರಿನ ಉಷ್ಣಾಂಶದ ಅಂಕಿ ನೋಡಿ ಬಾಯಿಬಿಟ್ಟೆ. "ಡಿಸೈನ್ ಪ್ರಕಾರ ಸರಿಯಾಗೇ ಇದೆ ಸರ್."

"ನಿಮ್ಮ ಡಿಸೈನು ಬಾಣಂತಿಗೆ ನೀರು ಹಾಕತ್ತೇನಮ್ಮ?" ಎಂದರು ಅಕ್ಕ.

ಯಂತ್ರ ಕೆಟ್ಟಿರಲಿಲ್ಲ. ಪ್ಯಾನೆಲ್ ತಣ್ಣಗಿರಬೇಕಾದರೆ ನೀರಿನ ಬಿಸಿ ಅಷ್ಟರಲ್ಲೇ ನಿಲ್ಲಬೇಕು. ಕಾಲೇಜಿನ ತಾರಸಿಯ ಮೇಲೂ ಅದು ಅಷ್ಟೇ ಬೆಚ್ಚಗಿತ್ತು. ಆದರೆ ತಾರಸಿಯಲ್ಲಿ ಯಾರೂ ಸ್ನಾನ ಮಾಡುತ್ತಿರಲಿಲ್ಲವಲ್ಲ! ಕೂಡಿಸಿ ಬಂದ ಮೊತ್ತ ನೋಡಿ ಹಿಗ್ಗಿದ್ದೆವೇ ಹೊರತು, ಆ ನೀರು ಯಾವ ಕೆಲಸಕ್ಕೆ ಬರುತ್ತದೆಂದು ಕೇಳಿಕೊಂಡಿರಲಿಲ್ಲ. ಬಾಣಂತಿ ಎಣ್ಣೆಮೈಯಲ್ಲಿ ನಡುಗುತ್ತಿದ್ದಳು, ಒಳಗೆ ಮಗು ಕಿರುಚುತ್ತಿತ್ತು. ಗೈಡ್ ಗ್ಯಾಸ್ ಒಲೆಯ ಮೇಲೆ ನೀರಿಟ್ಟು, ಕಾದ ಪಾತ್ರೆಗಳನ್ನು ತಾವೇ ಹಿಡಿದು ಅಡುಗೆಮನೆಯಿಂದ ಬಚ್ಚಲ ಬಾಗಿಲಿಗೆ ಓಡಾಡಿದರು. ನಾನು ಹಿಂದೆ ಹಿಂದೆ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಮರುದಿನ ಅವರು ಹೇಳಿದ್ದು ಒಂದೇ ಮಾತು: "ಆ ಕೂಡಿಸಿದ ಸಂಖ್ಯೆ ತೆಗೀರಿ. ಕರೆಂಟು ಬೇರೆ, ನೀರು ಬೇರೆ ಬರೀರಿ." ಬಹುವಚನ ಬಂದಿತ್ತು. ಆ ಸಂಖ್ಯೆ ಹೋದರೆ ನನ್ನ ಥೀಸಿಸ್ಸಿನಲ್ಲಿ ಏನು ಉಳಿಯುತ್ತದೆ?

"ಎಲ್ಲರೂ ಹೀಗೇ ಕೂಡಿಸ್ತಾರೆ ಸರ್."

"ಎಲ್ಲರ ಮನೇಲೂ ಹೋಗಿ ನಾನು ನೀರು ಹೊರಕ್ಕಾಗಲ್ಲಮ್ಮ."

ಆ ಸಂಖ್ಯೆಯ ಮೇಲೆ ನಾವು ಬರೆದು, ಜರ್ನಲ್ಲಿನಲ್ಲಿ ಒಪ್ಪಿಗೆಯಾಗಿದ್ದ ಲೇಖನವನ್ನು ವಾಪಸ್ ಪಡೆದರು. ವಿಭಾಗದ ಸಭೆಯಲ್ಲಿ ನಿಂತು ಕಾರಣವನ್ನೂ ಹೇಳಿದರು. ಯಾರೋ ಕಿಸಕ್ಕೆಂದರು. ಅವರ ಕಿವಿ ಕೆಂಪಾಗಿದ್ದು ನಾನು ಕೂತಲ್ಲಿಗೂ ಕಾಣುತ್ತಿತ್ತು. ಮಾತು ಮಾತ್ರ ನಿಲ್ಲಿಸಲಿಲ್ಲ. ಆಮೇಲೆ ಪ್ಯಾನೆಲ್ಲಿನಿಂದ ಬಂದ ನೀರನ್ನು ಮಾಮೂಲಿ ಸೋಲಾರ್ ಹೀಟರಿಗೆ ಹಾಯಿಸಿ ಮತ್ತೆ ಕಾಯಿಸುವ ದಾರಿ ಹಿಡಿದೆವು. ನೀರು ಕಾಯಿತು, ನನ್ನ ಥೀಸಿಸ್ಸೂ ತಡವಾಗಿ ಮುಗಿಯಿತು. ಅಷ್ಟರಲ್ಲಿ ಅಕ್ಕನ ಮನೆಗೆ ಗೀಸರ್ ಬಂದಿತ್ತು. ಇವತ್ತು ನನ್ನ ವಿದ್ಯಾರ್ಥಿಗಳು ದೊಡ್ಡ ಸಂಖ್ಯೆ ಹಿಡಿದು ಕುಣಿಯುತ್ತಾ ಬಂದರೆ, ನೀರಿಗೆ ಕೈಯಿಟ್ಟು ನೋಡಿದಿರಾ ಎಂದು ಮೊದಲು ಕೇಳುತ್ತೇನೆ. ಅದು ಗೈಡ್ ಅವರ ಋಣ.

ಹೋದ ವರ್ಷ ಅವರು ತೀರಿಕೊಂಡರು. ಅಕ್ಕನನ್ನು ಮಾತಾಡಿಸಲು ಗವಿಪುರಕ್ಕೆ ಹೋದೆ. ಅವರು ತಮ್ಮನನ್ನು ನೆನೆದು ಅತ್ತರು, ಬೈದರು.

"ಪ್ರತಿ ದೀಪಾವಳಿಗೂ ಎಣ್ಣೆನೀರಿಗೆ ಬಾರೋ ಅಂತ ಕರೀತಿದ್ದೆ. 'ಮನೇಲೇ ಆಯ್ತಕ್ಕ' ಅಂತ ತಲೆ ಒರೆಸ್ಕೊಂಡೇ ಬರೋನು. ನನ್ನ ಕೈಲಿ ಎಣ್ಣೆ ಒತ್ತಿಸ್ಕೊಳ್ಳಕ್ಕೆ ದೊಡ್ಡ ಮನುಷ್ಯನಿಗೆ ಅವಮಾನ ಅಂತ ಸುಮ್ಮನಾದೆ ಕಣೆ."

ನಾನು ತಡೆಯಲಾರದೆ ಹೇಳಿಬಿಟ್ಟೆ. "ಇಲ್ಲ ಅಮ್ಮ. 'ಆ ಬಚ್ಚಲಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ' ಅಂತ ನನ್ಹತ್ರ ಅಂದಿದ್ರು."

ಅಕ್ಕ ನನ್ನತ್ತ ತಿರುಗಿದರು.

"ಆ ನೀರಿಗಾ? ಅದನ್ನ ನಾನು ಅವತ್ತೇ ಮರ್ತಿದ್ದೆನಲ್ಲೇ! ನಿಂಗೆ ಗೊತ್ತಿತ್ತಲ್ಲ, ನೀನಾದ್ರೂ ಬಂದು ನಂಗೊಂದು ಮಾತು ಹೇಳಬಾರದಿತ್ತಾ?"